ಮಾವನ ಟ್ರಂಕಿನಲ್ಲಿ ಸಿಕ್ಕ ಗೇಮ್‌ಬಾಯ್: ಬೆಲೆ ಎಷ್ಟು, ಏನು ಮಾಡಲಿ?

ವಿದ್ಯಾನಗರದ ಹುಡುಗ (ಕೇಳಿದವನು):

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಮಸ್ಕತ್‌ನಲ್ಲಿ ಹದಿನಾಲ್ಕು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದರು. ಹೋದ ವರ್ಷ ತೀರಿಕೊಂಡರು. ಮೊನ್ನೆ ದಾವಣಗೆರೆಯ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಎರಡು ಆಟದ ಮೆಷಿನ್ ಸಿಕ್ಕವು. ಒಂದು, ಕೈಯಲ್ಲಿ ಹಿಡಿದು ಆಡೋ ಬೂದು ಬಣ್ಣದ ಗೇಮ್‌ಬಾಯ್, ನಿಂಟೆಂಡೊ ಕಂಪನಿಯದು. ಅದರಲ್ಲಿ ಟೆಟ್ರಿಸ್ ಕ್ಯಾಸೆಟ್ ಇದೆ, ಮೇಲಿಂದ ಬೀಳೋ ಇಟ್ಟಿಗೆ ಆಕಾರಗಳನ್ನ ಜೋಡಿಸಿ ಗೆರೆ ತುಂಬಿಸಿ ಅಳಿಸೋ ಆಟ. ಇನ್ನೊಂದು, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದ ‘9999 ಇನ್ 1’ ಬ್ರಿಕ್ ಗೇಮ್.

ಗೇಮ್‌ಬಾಯ್‌ಗೆ ಡಬ್ಬಿ ಇಲ್ಲ. ಹಿಂದಿನ ಸೆಲ್ ಮುಚ್ಚಳವೂ ಇಲ್ಲ. ಮಾವ ಅಲ್ಲಿ ಒಂದು ರಟ್ಟಿನ ತುಂಡು ಇಟ್ಟು ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. ರಬ್ಬರ್ ಕರಗಿ ಪ್ಲಾಸ್ಟಿಕ್‌ಗೆ ಅಂಟಿಕೊಂಡಿದೆ. ಇನ್ನೂ ಬಿಚ್ಚಿಲ್ಲ, ಆನ್ ಮಾಡಿಲ್ಲ.

ಅಶೋಕ ರಸ್ತೆ ಕಡೆ ಒಂದು ಅಂಗಡಿಯಲ್ಲಿ ತೋರಿಸಿದೆ. ಎರಡಕ್ಕೂ ಸೇರಿ 800 ಅಂದರು. ಮನೆಗೆ ಬಂದು ಇಂಟರ್ನೆಟ್‌ನಲ್ಲಿ ನೋಡಿದರೆ ಯಾರೋ ಇದೇ ಮೆಷಿನ್‌ಗೆ 45,000 ಹಾಕಿದ್ದಾರೆ. ಯಾವುದು ನಿಜ? ಅಸಲಿಯೋ ನಕಲಿಯೋ ಹೇಗೆ ನೋಡೋದು? ಕ್ಲೀನ್ ಮಾಡಬಹುದಾ? ಮತ್ತೆ, ಸುಳ್ಳು ಯಾಕೆ, ಕೈಗೆ ಬಂದ ಮೇಲೆ ಇಂಥ ಪಜಲ್ ಆಟಗಳನ್ನ ಇನ್ನೂ ನಾಲ್ಕೈದು ಕೂಡಿಸಬೇಕು ಅಂತ ಆಸೆ ಆಗಿದೆ. ಅನುಭವ ಇದ್ದವರು ಹೇಳಿ.

ದುರ್ಗದ ಗೇಮ್‌ಬಾಯ್:

ತಮ್ಮಾ, ಮೊದಲು ಒಂದು ಕೆಲಸ. ಆ ರಟ್ಟು ತೆಗೆದು ಒಳಗೆ ಸೆಲ್ ಇದೆಯಾ ನೋಡು. ಇದ್ದರೆ ಇವತ್ತೇ ಹೊರಗೆ ತೆಗಿ. ಹಳೇ ಸೆಲ್ ಸೋರಿ ಸ್ಪ್ರಿಂಗ್ ತಿಂದುಹಾಕಿದ್ದು ನಾನು ನೋಡಿರೋಷ್ಟು ಯಾರೂ ನೋಡಿರಲ್ಲ. ನಾನು ಚಿತ್ರದುರ್ಗದಲ್ಲಿ ಇದ್ದೇನೆ. ಹನ್ನೊಂದು ವರ್ಷದಿಂದ ಇವನ್ನ ಕೂಡಿಸ್ತಿದ್ದೇನೆ. ಈಗ ಮನೆಯಲ್ಲಿ ಏಳು ಗೇಮ್‌ಬಾಯ್ ಇವೆ. ಅದರಲ್ಲಿ ನಾಲ್ಕು ಬಂದಾಗ ಸೆಲ್ ಸೋರಿದವೇ.

ಈಗ ಬೆಲೆ. 45,000 ಅನ್ನೋದು ಕೇಳೋ ಬೆಲೆ. ಮಾರಿಹೋದ ಬೆಲೆ ಅಲ್ಲ. ನಾನೂ ನನ್ನ ಹಳೇ ಸೈಕಲ್‌ಗೆ ಒಂದು ಲಕ್ಷ ಅಂತ ಚೀಟಿ ಅಂಟಿಸಬಹುದು, ಬೇಡ ಅನ್ನೋರು ಯಾರು? ಇಬೇ ಅನ್ನೋ ಮಾರಾಟದ ವೆಬ್‌ಸೈಟ್‌ನಲ್ಲಿ ಮಾರಾಟ ಆಗಿಹೋದ ವಸ್ತುಗಳನ್ನ ಮಾತ್ರ ಬೇರೆ ಮಾಡಿ ನೋಡಬಹುದು. ಅಲ್ಲಿ ನಿನ್ನ ಮೆಷಿನ್ ತರಹದ್ದೇ, ಅಂದರೆ ಡಬ್ಬಿ ಇಲ್ಲದ್ದು, ಮುಚ್ಚಳ ಇಲ್ಲದ್ದು, ಒಂದು ಹತ್ತು ತೆಗಿ. ಅತಿ ಹೆಚ್ಚಿಗೆ ಹೋದದ್ದು, ಅತಿ ಕಡಿಮೆಗೆ ಹೋದದ್ದು ಬಿಟ್ಟುಬಿಡು. ಉಳಿದದ್ದರ ಮಧ್ಯೆ ಎಲ್ಲೋ ನಿನ್ನ ಬೆಲೆ ಇರುತ್ತೆ. ಅದೂ ಡಾಲರ್‌ನಲ್ಲಿ ಕೊಳ್ಳೋರ ಬೆಲೆ. ಇಲ್ಲಿ ಕೊಳ್ಳೋರು ಕಡಿಮೆ, ಸಿಗೋ ಮಾಲೂ ಕಡಿಮೆ. ಹಾಗಾಗಿ ಒಮ್ಮೆ ಹೆಚ್ಚು ಸಿಗುತ್ತೆ, ಒಮ್ಮೆ ತಿಂಗಳುಗಟ್ಟಲೆ ಯಾರೂ ಕೇಳಲ್ಲ.

ನನ್ನ ಲೆಕ್ಕ ಹೇಳ್ತೀನಿ. ಕೆಲಸ ಮಾಡೋ ಬೂದು ಗೇಮ್‌ಬಾಯ್, ಮುಚ್ಚಳ ಸಮೇತ, ಎರಡು ವರ್ಷದ ಹಿಂದೆ ಬೆಂಗಳೂರಿನವರೊಬ್ಬರಿಂದ 5,500ಕ್ಕೆ ತಗೊಂಡೆ. ಬರೀ ಟೆಟ್ರಿಸ್ ಕ್ಯಾಸೆಟ್ 1,200ಕ್ಕೆ. ಕೆಟ್ಟು ಕೂತಿದ್ದ ಮೆಷಿನ್ ಒಂದನ್ನ 1,500ಕ್ಕೆ. ಅಂಗಡಿಯವರು 800 ಅಂದದ್ದು ಗುಜರಿ ಲೆಕ್ಕ. ಅವರ ತಪ್ಪೂ ಅಲ್ಲ, ಅವರಿಗೆ ಅದು ಬರೀ ಪ್ಲಾಸ್ಟಿಕ್ಕು.

ಟೆಟ್ರಿಸ್ ಕ್ಯಾಸೆಟ್ ಅಂದ ತಕ್ಷಣ ಚಿನ್ನ ಸಿಕ್ಕಿತು ಅಂದ್ಕೋಬೇಡ. ಗೇಮ್‌ಬಾಯ್ ಜಪಾನಿನಲ್ಲಿ 1989ರ ಏಪ್ರಿಲ್‌ನಲ್ಲಿ ಬಂತು. ಅದೇ ವರ್ಷ ಅಮೆರಿಕಕ್ಕೆ ಹೋದಾಗ ಡಬ್ಬಿಯಲ್ಲೇ ಟೆಟ್ರಿಸ್ ಇಟ್ಟು ಮಾರಿದರು. ಅವರದೇ ಮಾರಿಯೋ ಆಟ ಇಡಬೇಕು ಅಂತ ಇತ್ತಂತೆ. ಹೆಂಕ್ ರೋಜರ್ಸ್ ಅನ್ನೋ ವ್ಯಾಪಾರಿ ನಿಂಟೆಂಡೊದ ಅಮೆರಿಕ ಮುಖ್ಯಸ್ಥ ಮಿನೋರು ಅರಕಾವಾ ಅವರ ಹತ್ತಿರ ಹೋಗಿ, ಮಾರಿಯೋ ಹಾಕಿದರೆ ಸಣ್ಣ ಹುಡುಗರು ಮಾತ್ರ ಕೊಳ್ತಾರೆ, ಟೆಟ್ರಿಸ್ ಹಾಕಿ ಎಲ್ಲರೂ ಕೊಳ್ತಾರೆ ಅಂತ ಒಪ್ಪಿಸಿದರು. ಹಾಗೇ ಆಯ್ತು. ಈ ಕ್ಯಾಸೆಟ್ ಮೂರೂವರೆ ಕೋಟಿ ಹೋಗಿದೆ. ಅಷ್ಟು ಇರೋ ವಸ್ತು ಅಪರೂಪ ಹೇಗಾಗುತ್ತೆ? ಡಬ್ಬಿ, ಪುಸ್ತಕ, ಒಳಗಿನ ಪ್ಲಾಸ್ಟಿಕ್ ತಟ್ಟೆ ಎಲ್ಲಾ ಇದ್ದರೆ ಮಾತ್ರ ಬೆಲೆ ಮೇಲೇಳುತ್ತೆ. ಯಾಕಂದ್ರೆ ಆ ರಟ್ಟಿನ ಡಬ್ಬಿಗಳನ್ನ ಎಲ್ಲರೂ ಮೊದಲ ದಿನವೇ ಒಲೆಗೋ ಕಸಕ್ಕೋ ಹಾಕಿದರು.

ಮೆಷಿನ್ ಹಿಂದೆ ಡಿಎಂಜಿ-01 ಅಂತ ಇದೆಯಾ ನೋಡು. ಸ್ಟಿಕರ್ ಮೇಲಿನ ನಂಬರ್ ‘ಜಿ’ ಇಂದ ಶುರು ಆಗಬೇಕು. ಕ್ಯಾಸೆಟ್ ಚೀಟಿ ಮೇಲೆ ಡಿಎಂಜಿ-ಟಿಆರ್ ಅಂತ ಇರುತ್ತೆ. ಅದರ ಮುಂದಿನ ಅಕ್ಷರ ಯಾವ ದೇಶಕ್ಕೆ ಮಾಡಿದ್ದು ಅಂತ ಹೇಳುತ್ತೆ.

ಸೋರಿದ್ದರೆ ಹತ್ತಿಗೆ ನಿಂಬೆರಸ ಅದ್ದಿ ಒರೆಸು. ಹೋಗುತ್ತೆ.

ಮಂಡಿಪೇಟೆ ರಿಪೇರಿ:

ದುರ್ಗದ ಅಣ್ಣ ಹೇಳಿದ್ದೆಲ್ಲ ಸರಿ. ನಿಂಬೆರಸದ ಮಾತು ಅರ್ಧ ಸರಿ. ತಡೀರಿ, ನಿಂಬೆಹಣ್ಣು ಕತ್ತರಿಸಬೇಡಿ.

ನಾನು ಮಂಡಿಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡೋನು. ಮೊದಲು ರೇಡಿಯೋ, ಟೇಪ್ ರೆಕಾರ್ಡರ್ ಮಾಡ್ತಿದ್ದೆ. ಸೆಲ್‌ನಲ್ಲಿ ಎರಡು ಜಾತಿ. ಆಲ್ಕಲೈನ್ ಸೆಲ್ ಸೋರಿದರೆ ಬರೋದು ಕ್ಷಾರ. ಅದಕ್ಕೆ ಹುಳಿ ಬೇಕು. ವಿನೆಗರ್ ಆಗಲಿ, ನಿಂಬೆರಸ ಆಗಲಿ ಸರಿ. ಆದರೆ ನಮ್ಮ ಊರಿನ ಅಂಗಡಿಗಳಲ್ಲಿ ಆಗ ಸಿಗ್ತಿದ್ದ ಅಗ್ಗದ ಮಾಮೂಲಿ ಪೆನ್ಸಿಲ್ ಸೆಲ್ ಜಿಂಕ್-ಕಾರ್ಬನ್. ಅದರ ರಸ ತಾನೇ ಹುಳಿ. ಅದರ ಮೇಲೆ ಮತ್ತೆ ನಿಂಬೆ ಹಿಂಡಿದರೆ ಏನು ಪ್ರಯೋಜನ? ಅದಕ್ಕೆ ಅಡುಗೆ ಸೋಡಾ ಒಂದು ಚಿಟಿಕೆ, ನಾಲ್ಕು ಹನಿ ನೀರು, ಕಲಸಿ ಹಚ್ಚಬೇಕು. ಹಾಗಾಗಿ ಮೊದಲು ಸೆಲ್ ಮೇಲೆ ಏನು ಬರೆದಿದೆ ಓದಿ. ಆಮೇಲೆ ಅಡುಗೆಮನೆಗೆ ಹೋಗಿ.

ಮಾಡೋ ರೀತಿ ಇದು. ಕೈಗೆ ಗ್ಲೌಸ್ ಹಾಕಿ. ಮೆಷಿನ್ ಬೋರಲು ಹಿಡಿಯಿರಿ, ರಸ ಒಳಗೆ ಬೋರ್ಡಿಗೆ ಇಳೀಬಾರದು. ಮೊದಲು ಒಣ ಹಲ್ಲುಜ್ಜೋ ಬ್ರಷ್‌ನಿಂದ ಪುಡಿ ಉದುರಿಸಿ. ಸ್ಪ್ರಿಂಗ್ ಮೇಲೆ ಹಸಿರು ಕಿಲುಬು ಇರುತ್ತೆ, ತಾಮ್ರದ ಚೊಂಬಿಗೆ ಹಿಡಿಯುತ್ತಲ್ಲ ಅದೇ. ಕಿವಿಗೆ ಹಾಕೋ ಹತ್ತಿಕಡ್ಡಿ ಅದ್ದಿ, ಹಿಂಡಿ, ಆಮೇಲೆ ಉಜ್ಜಿ. ಗುಳ್ಳೆ ಬರೋದು ನಿಂತಾಗ ಸಾಕು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಬೇಡ, ಕೆಲವದರಲ್ಲಿ ಎಣ್ಣೆ ಅಂಶ ಇರುತ್ತೆ. ಸ್ಪ್ರಿಂಗ್ ಹೊಳಪು ಹೋಗಿ ಕಪ್ಪಾಗಿದ್ದರೆ ಹೊಸದು ಸಿಗುತ್ತೆ, ತಲೆ ಕೆಡಿಸಿಕೊಳ್ಳಬೇಡಿ.

ಕ್ಯಾಸೆಟ್‌ಗೆ ಉಫ್ ಅಂತ ಊದಬೇಡಿ ದಯವಿಟ್ಟು. ನಾವೆಲ್ಲ ಊದಿದವರೇ. ಅದು ಕೆಲಸ ಮಾಡಿದ ಹಾಗೆ ಕಂಡದ್ದು ತೆಗೆದು ಮತ್ತೆ ಹಾಕಿದ್ದಕ್ಕೆ. ಬಾಯಿಯ ತೇವ ಆ ಹಿತ್ತಾಳೆ ಬಣ್ಣದ ಪಟ್ಟಿಗಳಿಗೆ ಒಳ್ಳೇದಲ್ಲ.

ಇನ್ನೊಂದು. ಆನ್ ಮಾಡಿದಾಗ ಪರದೆ ಮೇಲೆ ಉದ್ದುದ್ದ ಗೆರೆ ಕಾಣೆಯಾಗಿದ್ದರೆ ಗಾಬರಿ ಬೀಳಬೇಡಿ. ಇದು ಈ ಮಾಡೆಲ್‌ನ ಹುಟ್ಟುರೋಗ. ಪರದೆ ಕೆಳಗಿನ ರಿಬ್ಬನ್ ಕೇಬಲ್‌ನ ಸೋಲ್ಡರ್ ಬಿಟ್ಟಿರುತ್ತೆ. ಸೋಲ್ಡರಿಂಗ್ ಐರನ್ ಮೆತ್ತಗೆ ಆಡಿಸಿದರೆ ಗೆರೆ ಮತ್ತೆ ಬರುತ್ತೆ. ವಿಡಿಯೋ ನೋಡಿ ಮೊದಲ ಸಲವೇ ನಿಮ್ಮ ಮಾವನ ಮೆಷಿನ್ ಮೇಲೆ ಪ್ರಯೋಗ ಮಾಡಬೇಡಿ. ಒಂದು ಸೆಕೆಂಡ್ ಜಾಸ್ತಿ ಇಟ್ಟರೆ ಪರದೆ ಹೋಯ್ತು. ಮೆಷಿನ್ ಹಿಂದಿನ ಸ್ಕ್ರೂ ಮೂರು ಕಾಲಿನದು, ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯಲ್ಲ. ಬಲವಂತ ಮಾಡಿದರೆ ತಲೆ ಸವೆದು, ಕೊಳ್ಳೋನು ಅದನ್ನ ನೋಡಿಯೇ ಐನೂರು ಇಳಿಸ್ತಾನೆ.

ಬೆಣ್ಣೆದೋಸೆ ಅಕ್ಕ:

ಎಲ್ಲರೂ ಗೇಮ್‌ಬಾಯ್ ಹಿಂದೆ ಬಿದ್ದಿದ್ದೀರಿ. ಆ ಪಾಪದ ಬ್ರಿಕ್ ಗೇಮ್ ಬಗ್ಗೆ ಒಬ್ಬರೂ ಬಾಯಿ ಬಿಡ್ತಿಲ್ಲ!

ನಾವು ಪಿ.ಜೆ. ಬಡಾವಣೆಯಲ್ಲಿ ಬೆಳೆದವರು. ಗೇಮ್‌ಬಾಯ್ ಅನ್ನೋದನ್ನ ನಾನು ಕಣ್ಣಲ್ಲಿ ನೋಡಿದ್ದು ಮದುವೆ ಆದ ಮೇಲೆ. ನಮಗೆ ‘ವಿಡಿಯೋ ಗೇಮ್’ ಅಂದರೆ ಈ ಬ್ರಿಕ್ ಗೇಮೇ. ದುಗ್ಗಮ್ಮನ ಜಾತ್ರೆಯಲ್ಲಿ ಅಪ್ಪ ಕೊಡಿಸಿದ್ದು. ಅಪ್ಪ ಚೌಕಾಸಿ ಮಾಡುವಾಗ ಎಲ್ಲಿ ‘ಬೇಡ ನಡಿ’ ಅಂದುಬಿಡ್ತಾರೋ ಅಂತ ಉಸಿರು ಹಿಡಿದು ನಿಂತಿದ್ದೆ. ಎರಡು ಪೆನ್ಸಿಲ್ ಸೆಲ್. ಅಡ್ಡ ಹತ್ತು ಮನೆ, ಉದ್ದ ಇಪ್ಪತ್ತು ಮನೆ. ಅಷ್ಟೇ ಪ್ರಪಂಚ. 9999 ಆಟ ಅಂತ ಬರೆದಿತ್ತು. ನಾನೂ ತಮ್ಮನೂ ಒಂದು ಬೇಸಿಗೆ ರಜೆ ಪೂರ್ತಿ ಎಣಿಸಿದೆವು. ಇಟ್ಟಿಗೆ, ಕಾರ್ ರೇಸ್, ಟ್ಯಾಂಕ್, ಹಾವು, ಮತ್ತೆ ಅದೇ ಕಾರು, ಮತ್ತೆ ಅದೇ ಇಟ್ಟಿಗೆ. ಅಸಲಿಗೆ ಬೆರಳೆಣಿಕೆ ಆಟ. ಉಳಿದದ್ದೆಲ್ಲ ವೇಗ ಬೇರೆ, ಹಂತ ಬೇರೆ ಅಂತ ಸೇರಿಸಿ ಲೆಕ್ಕ ತುಂಬಿಸಿದ್ದರು. ಮೋಸ ಅಂತ ಅನಿಸಲೇ ಇಲ್ಲ, ಅದು ಬೇರೆ ಮಾತು.

ಅಮ್ಮ ಅದನ್ನ ಪಾತ್ರೆ ವ್ಯಾಪಾರದವಳಿಗೆ ಹಳೇ ಸೀರೆ ಜೊತೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತಗೊಂಡರು. ಆ ಡಬ್ಬಿ ಈಗಲೂ ಇದೆ, ಅದರಲ್ಲಿ ಸಾಸಿವೆ ಇದೆ.

ಈಗ ಸಲಹೆ. ಬ್ರಿಕ್ ಗೇಮ್‌ಗೆ ಹೊರಗಡೆ ನಿಗದಿ ಬೆಲೆ ಅಂತ ಯಾವ ಪಟ್ಟಿಯಲ್ಲೂ ಇಲ್ಲ. ಒಂದೇ ಕಂಪನಿ ಮಾಡಿದ್ದೂ ಅಲ್ಲ. ಹೊಸದು ಈಗಲೂ ಬರ್ತವೆ, ಕಡಿಮೆ ದುಡ್ಡಿಗೆ ಸಿಗ್ತವೆ. ಆದರೆ ಹೊಸದು ಹಗುರ, ಗುಂಡಿ ಚಪ್ಪೆ, ಶಬ್ದ ಕೀರಲು. ಹಳೇದನ್ನ ಕೈಯಲ್ಲಿ ಹಿಡಿದವರಿಗೆ ಗೊತ್ತಾಗುತ್ತೆ. ನಾನು ಹಳೇದೊಂದನ್ನ 650 ಕೊಟ್ಟು ತಗೊಂಡಿದ್ದೇನೆ. ನಮ್ಮೆಜಮಾನರು ನಕ್ಕರು. ನಗಲಿ ಬಿಡಿ. ಅದಕ್ಕೆ ಬೆಲೆ ಕಟ್ಟೋದು ಅದನ್ನ ಕಳೆದುಕೊಂಡವರು ಮಾತ್ರ. ಅಂಥವರು ಸಿಗದಿದ್ದರೆ ನೂರು ರೂಪಾಯಿಯೂ ಹುಟ್ಟಲ್ಲ.

ಹುಡುಗಾ, ನಿನ್ನ ಬ್ರಿಕ್ ಗೇಮ್ ಪರದೆಯಲ್ಲಿ ಅರ್ಧ ಗೆರೆ ಬರ್ತಿಲ್ಲ ಅಂದರೆ ಎಸೀಬೇಡ, ಇಲ್ಲೇ ಕೇಳು.

ಮಂಡಿಪೇಟೆ ರಿಪೇರಿ:

ಅಕ್ಕ ಹೇಳಿದ್ದಕ್ಕೆ ಸೇರಿಸ್ತೀನಿ. ಬ್ರಿಕ್ ಗೇಮ್‌ನಲ್ಲಿ ಪರದೆ ಮತ್ತು ಬೋರ್ಡ್ ಮಧ್ಯೆ ಒಂದು ರಬ್ಬರ್ ಪಟ್ಟಿ ಇರುತ್ತೆ. ನಾವು ಜೀಬ್ರಾ ಪಟ್ಟಿ ಅಂತೀವಿ. ಕರಿ-ಬಿಳಿ ಸಣ್ಣ ಗೆರೆ ಇರುತ್ತೆ, ಕರೆಂಟ್ ಅದರ ಮೂಲಕವೇ ಹೋಗೋದು. ಅದಕ್ಕೆ ಧೂಳು ಕೂತರೆ ಗೆರೆ ಮಾಯ. ಬಿಚ್ಚಿ, ಪಟ್ಟಿಯನ್ನ ಆಲ್ಕೋಹಾಲ್‌ನಿಂದ ಒರೆಸಿ, ಅದೇ ದಿಕ್ಕಿಗೆ ಇಟ್ಟು ಸ್ಕ್ರೂ ಸಮನಾಗಿ ಬಿಗಿ ಮಾಡಿದರೆ ಹತ್ತರಲ್ಲಿ ಎಂಟು ಸರಿ ಹೋಗ್ತವೆ. ಬೋರ್ಡ್ ಮೇಲೆ ಕರೀ ಡಾಂಬರಿನ ಹನಿ ತರಹ ಒಂದು ಇರುತ್ತೆ. ಅದರ ಕೆಳಗೇ ಚಿಪ್ ಇರೋದು. ಅದು ಹೋದರೆ ಮುಗೀತು, ಬದಲಿ ಇಲ್ಲ.

ಚಳ್ಳಕೆರೆ 94:

ಕೂಡಿಸೋ ಆಸೆ ಇದ್ದರೆ ನನ್ನ ಗಾಯ ನೋಡಿಕೊಂಡು ಮುಂದೆ ಹೋಗಿ.

ನನಗೆ ಟೆಟ್ರಿಸ್ ಡಿಎಕ್ಸ್ ಬೇಕಾಗಿತ್ತು. 1998ರದ್ದು, ಕಪ್ಪು ಕ್ಯಾಸೆಟ್, ಆಮೇಲೆ ಬಂದ ಬಣ್ಣದ ಪರದೆಯ ಮೆಷಿನ್ ಗೇಮ್‌ಬಾಯ್ ಕಲರ್‌ನಲ್ಲಿ ಬಣ್ಣ ಬರುತ್ತೆ, ಹಳೇ ಬೂದು ಮೆಷಿನ್‌ನಲ್ಲೂ ಓಡುತ್ತೆ. ಮೊದಲಿನ ಟೆಟ್ರಿಸ್‌ನಲ್ಲಿ ಆಫ್ ಮಾಡಿದರೆ ಸ್ಕೋರ್ ಹೋಯ್ತು. ಡಿಎಕ್ಸ್ ಅದನ್ನ ಒಳಗಿನ ಗುಂಡಿ ಸೆಲ್‌ನ ಸಹಾಯದಿಂದ ನೆನಪು ಇಟ್ಟುಕೊಳ್ಳುತ್ತೆ. ಅದಕ್ಕೇ ಬೇಕಾಗಿತ್ತು. ಒಬ್ಬ ಮಾರಾಟಗಾರ 1,800 ಅಂದ. ಫೋಟೋ ಚೆನ್ನಾಗಿತ್ತು. ‘ಒರಿಜಿನಲ್ ಬ್ರೋ, ಅಂಕಲ್ ಅಮೆರಿಕದಿಂದ ತಂದದ್ದು’ ಅಂದ. ದುಡ್ಡು ಹಾಕಿದೆ.

ಕ್ಯಾಸೆಟ್ ಬಂತು. ಓಡ್ತು. ಖುಷಿಯಲ್ಲಿ ರಾತ್ರಿ ಎರಡರವರೆಗೆ ಆಡಿದೆ. ಬೆಳಗ್ಗೆ ಆನ್ ಮಾಡಿದರೆ ಸ್ಕೋರ್ ಪಟ್ಟಿ ಖಾಲಿ. ಸೆಲ್ ಹೋಗಿರಬೇಕು ಅಂತ ಬಿಚ್ಚಿ ನೋಡಿದರೆ ಒಳಗೆ ಸೆಲ್ ಇರಬೇಕಾದ ಜಾಗವೇ ಇಲ್ಲ! ಬೋರ್ಡ್ ಮೇಲೆ ಅಕ್ಷರವೂ ಇಲ್ಲ. ಅವನಿಗೆ ಫೋನ್ ಮಾಡಿದೆ. ನಂಬರ್ ಅಸ್ತಿತ್ವದಲ್ಲಿಲ್ಲ.

ಆಮೇಲೆ ಕಲಿತದ್ದು. ಅಸಲಿ ಕ್ಯಾಸೆಟ್‌ನ ಹಿಂದಿನ ಸ್ಕ್ರೂ ಆರು ಎಸಳಿನ ಹೂವಿನ ಹಾಗೆ ಇರುತ್ತೆ, 3.8 ಮಿಲಿಮೀಟರ್‌ನ ವಿಶೇಷ ಬಿಟ್ ಬೇಕು. ನನ್ನದಕ್ಕೆ ಮಾಮೂಲಿ ಪ್ಲಸ್ ಸ್ಕ್ರೂ ಇತ್ತು. ಅಲ್ಲೇ ಎಚ್ಚರ ಆಗಬೇಕಿತ್ತು. ಎರಡನೇದು, ಅಸಲಿ ಚೀಟಿ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿದ ಎರಡು ಅಂಕಿ ಕಾಣುತ್ತೆ, ಮುದ್ರೆ ಒತ್ತಿದ ಹಾಗೆ. ನಕಲಿಯಲ್ಲಿ ಬಹಳ ಸಲ ಇರಲ್ಲ. ಮೂರನೇದು, ಕ್ಯಾಸೆಟ್ ಬುಡದಿಂದ ಒಳಗೆ ಇಣುಕಿದರೆ ಅಸಲಿ ಬೋರ್ಡ್ ಮೇಲೆ ನಿಂಟೆಂಡೊ ಅಂತ ಅಚ್ಚಾಗಿರುತ್ತೆ.

ಮೂರೂ ಕೇಳಿ ಫೋಟೋ ತರಿಸಿಕೊಳ್ಳಿ. ‘ಬಿಚ್ಚಲ್ಲ ಬ್ರೋ’ ಅಂದರೆ ನೀವೂ ‘ಕೊಡಲ್ಲ ಬ್ರೋ’ ಅನ್ನಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿ. ಒಂದೇ ಕ್ಯಾಸೆಟ್‌ನಲ್ಲಿ ನೂರು ಆಟ ಅಂತ ಬರೋವು ಆಡೋಕೆ ಸರಿ, ಕೂಡಿಸಿ ಇಡೋಕೆ ಅಲ್ಲ.

ಹರಿಹರದ ಲೆಕ್ಕದ ಮೇಷ್ಟ್ರು:

ನಿವೃತ್ತ ಗಣಿತ ಶಿಕ್ಷಕ ನಾನು. ಮಕ್ಕಳ ಕೈಯಿಂದ ಬ್ರಿಕ್ ಗೇಮ್ ಕಿತ್ತು ಬೀರುವಿನಲ್ಲಿ ಬೀಗ ಹಾಕಿ ಇಟ್ಟವನು. ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ನಾನೇ ಆಡ್ತಿದ್ದೆ. ಈಗ ಹೇಳಿದರೆ ಯಾರೂ ಪೆನ್ಶನ್ ಕಿತ್ತುಕೊಳ್ಳಲ್ಲ ಅಂದುಕೊಂಡಿದ್ದೇನೆ.

ಟೆಟ್ರಿಸ್ ಮಾಡಿದ್ದು ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್, 1984ರಲ್ಲಿ. ನಾಲ್ಕು ಚೌಕ ಸೇರಿಸಿದರೆ ಏಳೇ ಏಳು ಆಕಾರ. ಮಕ್ಕಳಿಗೆ ಒಂದು ಪ್ರಶ್ನೆ ಕೊಡ್ತಿದ್ದೆ. ಏಳೂ ಆಕಾರ ಒಂದೊಂದೇ ಬಳಸಿ, 28 ಚೌಕ, ಒಂದು ಪೂರ್ತಿ ಆಯತ ಮಾಡಿ. ಎಷ್ಟು ಒದ್ದಾಡಿದರೂ ಆಗಲ್ಲ. ಚದುರಂಗದ ಹಾಗೆ ಕಪ್ಪು-ಬಿಳುಪು ಬಣ್ಣ ಹಾಕಿ ನೋಡಿ. ಆರು ಆಕಾರ ಎರಡು ಕಪ್ಪು ಎರಡು ಬಿಳಿ ಮುಚ್ಚುತ್ತವೆ. ‘ಟಿ’ ಆಕಾರ ಮಾತ್ರ ಮೂರು ಒಂದು. ಒಟ್ಟು ಸಮ ಆಗೋದು ಹೇಗೆ? ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ಸುಮ್ನೆ ಹೇಳಿದೆ.

ಸಂಬಂಧ ಇರೋದು ಇದು. ಪಜಲ್ ಆಟ ಕೂಡಿಸೋರಿಗೆ ಒಂದು ಅನುಕೂಲ ಇದೆ, ಬಹಳ ಜನ ಬಳಸಿಕೊಳ್ಳಲ್ಲ. ಗೇಮ್‌ಬಾಯ್‌ಗೆ ದೇಶದ ಬೀಗ ಇಲ್ಲ. ಜಪಾನಿನ ಕ್ಯಾಸೆಟ್ ಯಾವ ಗೇಮ್‌ಬಾಯ್‌ನಲ್ಲೂ ಓಡುತ್ತೆ. ಕಥೆ ಇರೋ ಆಟವಾದರೆ ಜಪಾನಿ ಬರಬೇಕು. ಇಟ್ಟಿಗೆ ಬೀಳೋದಕ್ಕೆ ಯಾವ ಭಾಷೆ? ಜಪಾನಿನ ಕ್ಯಾಸೆಟ್‌ಗಳು ಸಾಮಾನ್ಯವಾಗಿ ಅಗ್ಗ. ಅಲ್ಲಿನವರು ಡಬ್ಬಿಯನ್ನೂ ಜೋಪಾನ ಮಾಡಿರ್ತಾರೆ. ತರಿಸುವಾಗ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ನನ್ನ ಮಗ ಹಾಕಲಿಲ್ಲ, ಪೋಸ್ಟ್‌ಮ್ಯಾನ್ ಮುಂದೆ ಬಾಯಿ ಬಿಟ್ಟುಕೊಂಡು ನಿಂತ.

ನಾಲ್ಕೈದು ಅಂದರೆ ನಾನು ಯಾವುದು ಹೇಳಲಿ? ಟೆಟ್ರಿಸ್ ಇದೆ. 1990ರ ಡಾಕ್ಟರ್ ಮಾರಿಯೋ ತಗೋ, ಅದೂ ಬಹಳ ಸಿಗುತ್ತೆ. 1995ರ ಮಾರಿಯೋಸ್ ಪಿಕ್ರಾಸ್ ಇದೆ. ಅಂಚಿನಲ್ಲಿ ಅಂಕಿ ಕೊಟ್ಟಿರುತ್ತೆ, ಆ ಅಂಕಿ ನೋಡಿ ಚೌಕ ತುಂಬಿದರೆ ಚಿತ್ರ ಮೂಡುತ್ತೆ. ಸುಡೋಕು ಮಾಡೋರಿಗೆ ಒಂದೇ ದಿನದಲ್ಲಿ ಹುಚ್ಚು ಹಿಡಿಯುತ್ತೆ. ಮೋಲ್ ಮೇನಿಯಾ ಅಂತ ಒಂದು ಇದೆ, ಇಲಿ ತರಹದ ಪ್ರಾಣಿ ನೆಲದೊಳಗೆ ಹೋಗಿ ಚೆಂಡು ತಳ್ಳೋದು. ಇದು ಅಷ್ಟು ಸುಲಭಕ್ಕೆ ಸಿಗಲ್ಲ.

ನನ್ನ ಮೆಚ್ಚಿನದು ಬಾಕ್ಸಲ್. 1982ರಲ್ಲಿ ಜಪಾನಿನಲ್ಲಿ ಬಂದ ಸೋಕೋಬಾನ್ ಆಟವೇ ಅದು. ಗೋದಾಮಿನಲ್ಲಿ ಪೆಟ್ಟಿಗೆಗಳನ್ನ ಗುರುತು ಹಾಕಿದ ಜಾಗಕ್ಕೆ ತಳ್ಳಬೇಕು. ತಳ್ಳಬಹುದು, ಎಳೆಯೋಕೆ ಆಗಲ್ಲ. ಮೂಲೆಗೆ ಹೋಯಿತೋ, ಅಲ್ಲಿಗೆ ಮುಗೀತು. ದಾವಣಗೆರೆ ಎಪಿಎಂಸಿಯ ಹಮಾಲರಿಗೆ ತೋರಿಸಿದ್ದೆ ಒಮ್ಮೆ. ಒಬ್ಬರು ನೋಡಿ, ‘ಮೇಷ್ಟ್ರೇ, ಇವನಿಗೆ ಒಂದು ಕೊಕ್ಕೆ ಕೊಡಿಸಿ, ಎಳೀತಾನೆ’ ಅಂದರು.

ಚಳ್ಳಕೆರೆ 94:

ಮೇಷ್ಟ್ರೇ, ಕೊಕ್ಕೆ! ಆಟವೇ ಮುಗಿದುಹೋಗುತ್ತಲ್ಲ.

ಅನಾಮಿಕ:

ಒಂದೇ ಮಾತು. ಸೀಲ್ ಒಡೆಯದ ಹಳೇ ಆಟ ಕೋಟಿಗಟ್ಟಲೆಗೆ ಹೋಗಿದೆ. ಸುಮ್ನೆ ಇಟ್ಟುಕೊಳ್ಳಿ, ಮುಂದೆ ಲಾಟರಿ.

ದುರ್ಗದ ಗೇಮ್‌ಬಾಯ್:

ಬಂತು ನೋಡಿ. ಹೌದು, 2021ರ ಜುಲೈನಲ್ಲಿ ಅಮೆರಿಕದ ಹರಾಜೊಂದರಲ್ಲಿ ಸೂಪರ್ ಮಾರಿಯೋ 64 ಅನ್ನೋ ಆಟದ ಒಂದು ಪ್ರತಿ 15 ಲಕ್ಷ 60 ಸಾವಿರ ಡಾಲರ್‌ಗೆ ಹೋಯ್ತು. ಅದು ಬಿಚ್ಚದೇ ಇದ್ದ ಡಬ್ಬಿ. ಪರೀಕ್ಷೆ ಮಾಡಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿದ್ದು. ಅದನ್ನ ಯಾರೂ ಆಡಿಲ್ಲ, ಆಡೋದೂ ಇಲ್ಲ. ಆ ಸುದ್ದಿ ಬಂದ ಮೇಲೆ ಅಟ್ಟದಿಂದ ಇಳಿದ ಪ್ರತಿ ಬಿಡಿ ಕ್ಯಾಸೆಟ್‌ಗೂ ಜನ ಸಾವಿರಗಟ್ಟಲೆ ಕೇಳೋಕೆ ಶುರು ಮಾಡಿದರು. ನಮ್ಮ ಹುಡುಗನ ಮೆಷಿನ್ ಸುತ್ತ ರಬ್ಬರ್ ಬ್ಯಾಂಡ್ ಕರಗಿದೆ ಸ್ವಾಮಿ. ಯಾವ ಲಾಟರಿ?

ಇಡೋದರ ಬಗ್ಗೆ ಎರಡು ಮಾತು. ಸೆಲ್ ತೆಗೆದು ಇಡು. ಕಿಟಕಿ ಬಿಸಿಲಿಗೆ ಇಡಬೇಡ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, ಪರದೆ ಮೇಲಿನ ಪದರ ಸುಟ್ಟ ಹಾಗೆ ಕಪ್ಪು ಕಲೆ ಬೀಳುತ್ತೆ. ಬಿಗಿಯಾದ ಪ್ಲಾಸ್ಟಿಕ್ ಕವರ್‌ನಲ್ಲೂ ಸುತ್ತಬೇಡ, ಮಳೆಗಾಲದಲ್ಲಿ ಬೆವರುತ್ತೆ. ಶೂ ಡಬ್ಬಿಯಲ್ಲಿ ಬರುತ್ತಲ್ಲ ಆ ಸಣ್ಣ ಕಾಳಿನ ಪೊಟ್ಟಣ, ಅದನ್ನ ಎಸೆಯದೆ ಜೊತೆಗೆ ಇಡು. ಹಳದಿ ಆಗಿದ್ದರೆ ಬ್ಲೀಚ್ ಮಾಡಿ ಬಿಳಿ ಮಾಡೋ ವಿಡಿಯೋ ಸಿಗ್ತವೆ. ನಾನು ಒಂದಕ್ಕೆ ಮಾಡಿದೆ, ಮಚ್ಚೆ ಮಚ್ಚೆ ಆಯ್ತು. ಈಗ ಅದು ಜೀಬ್ರಾ.

ವಿದ್ಯಾನಗರದ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಕೂತು ಮಾಡಿದೆ. ಏನಾಯ್ತು ಹೇಳ್ತೀನಿ.

ರಬ್ಬರ್ ಬ್ಯಾಂಡ್ ಪೂರ್ತಿ ಜೇನಿನ ಹಾಗೆ ಆಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ, ಬಂತು. ಒಂದು ತೆಳು ಗೆರೆ ಉಳಿದಿದೆ. ರಟ್ಟು ತೆಗೆದರೆ ನಾಲ್ಕೂ ಸೆಲ್ ಒಳಗೇ ಇದ್ದವು. ಮಂಡಿಪೇಟೆ ಅಣ್ಣ ಹೇಳಿದ್ದು ಸರಿ, ಮಾಮೂಲಿ ಸೆಲ್, ಆಲ್ಕಲೈನ್ ಅಲ್ಲ. ಕೆಳಗಿನ ಎರಡು ಸೋರಿದ್ದವು. ಸೋಡಾ ಹಚ್ಚಿದೆ, ಸುರ್ ಅಂತು. ಒಂದು ಸ್ಪ್ರಿಂಗ್ ತುದಿ ಮುರಿದುಬಂತು. ಅಣ್ಣನ ಅಂಗಡಿಗೇ ತಗೊಂಡು ಹೋದೆ, ಅಲ್ಲೇ ಬದಲಿಸಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ, ಬಲವಂತ ಮಾಡಿದ್ದಕ್ಕೆ ಮಂಡಕ್ಕಿ ಮಿರ್ಚಿ ತರಿಸಿಕೊಂಡರು.

ಹೊಸ ಸೆಲ್ ಹಾಕಿ ಮೇಲಿನ ಸ್ವಿಚ್ ತಳ್ಳಿದೆ. ಕೆಂಪು ದೀಪ ಬಂತು. ಪರದೆ ಮೇಲೆ ಬರೀ ಕಪ್ಪು ಪಟ್ಟಿ ಇಳಿದು ನಿಂತುಬಿಟ್ಟಿತು. ಊದಬೇಕು ಅಂತ ಬಾಯಿಗೆ ತಂದಿದ್ದೆ, ನೆನಪಾಯ್ತು. ಕ್ಯಾಸೆಟ್ ಬುಡವನ್ನ ಆಲ್ಕೋಹಾಲ್‌ನಿಂದ ಒರೆಸಿದೆ, ಹತ್ತಿ ಕಪ್ಪಾಯ್ತು. ಮತ್ತೆ ಹಾಕಿದೆ. ನಿಂಟೆಂಡೊ ಹೆಸರು ಮೇಲಿಂದ ಇಳಿದು ಬಂದು ‘ಟಿಂಗ್’! ಎಡಗಡೆಯ ಚಕ್ರ ತಿರುಗಿಸಿದ ಮೇಲೆ ಚಿತ್ರ ಕಾಣ್ತು. ಒಳಗೆ ಬೆಳಕೇ ಇಲ್ಲ ಅಂತ ಗೊತ್ತಿರಲಿಲ್ಲ, ಟ್ಯೂಬ್‌ಲೈಟ್ ಕೆಳಗೆ ಕೂರಬೇಕಾಯ್ತು. ಬಲಗಡೆ ಎರಡು ಉದ್ದ ಗೆರೆ ಇಲ್ಲ. ಆಟಕ್ಕೆ ತೊಂದರೆ ಇಲ್ಲ, ಈಗ ಮುಟ್ಟಲ್ಲ. ನಂಬರ್ ‘ಜಿ’ ಇಂದಲೇ ಇದೆ. ಚೀಟಿ ಮೇಲೆ ಒತ್ತಿದ ಅಂಕಿಯೂ ಇದೆ. ಅಸಲಿ.

ಈಗ ಮುಖ್ಯ ವಿಷಯ. ಆ ರಟ್ಟು ಒಂದು ಊದುಬತ್ತಿ ಪೆಟ್ಟಿಗೆಯದು. ಒಳಗಿನ ಬದಿ ಪೆನ್ಸಿಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಲೆಕ್ಕ ಬರೆದಿದ್ದಾರೆ. 94 ಗೆರೆ, 103 ಗೆರೆ, 127 ಗೆರೆ. 127ರ ಪಕ್ಕ 1,18,460 ಅಂತ ಬರೆದು ಸುತ್ತು ಹಾಕಿದ್ದಾರೆ. ಚಳ್ಳಕೆರೆಯವರು ಬರೆದದ್ದು ಓದಿದ ಮೇಲೇ ಅರ್ಥ ಆಯ್ತು. ಆಫ್ ಮಾಡಿದರೆ ಸ್ಕೋರ್ ಹೋಗ್ತಿತ್ತಲ್ಲ, ಅದಕ್ಕೆ ಮುಚ್ಚಳದ ಮೇಲೆ ಬರೆದಿಟ್ಟಿದ್ದಾರೆ. ಕೆಳಗಿನ ಮೂಲೆ ಸೆಲ್ ರಸಕ್ಕೆ ಕಂದಾಗಿ ಎರಡು ಸಾಲು ಓದೋಕೆ ಬರಲ್ಲ. ಕೊನೆಯ ಸಾಲಿನಲ್ಲಿ ‘ತಂಗಿ 61’ ಅಂತ ಇದೆ.

ಇದನ್ನ ಜೊತೆಗೆ ಮಾರಿದರೆ ಬೆಲೆ ಬರುತ್ತಾ, ಕಡಿಮೆ ಆಗುತ್ತಾ?

ಹರಿಹರದ ಲೆಕ್ಕದ ಮೇಷ್ಟ್ರು:

1,18,460 ಒಳ್ಳೇ ಸ್ಕೋರ್ ಮಗು. ಒಂದೇ ಸಲ ನಾಲ್ಕು ಗೆರೆ ಅಳಿಸಿದರೆ 1,200, ಅದನ್ನ ಹಂತಕ್ಕೆ ಒಂದು ಸೇರಿಸಿ ಗುಣಿಸಬೇಕು. ಒಂದೊಂದೇ ಗೆರೆಗೆ ಬರೀ 40. 127 ಗೆರೆಯಲ್ಲಿ ಅಷ್ಟು ಬಂದಿದೆ ಅಂದರೆ ನಿಮ್ಮ ಮಾವ ನಾಲ್ಕು ಗೆರೆ ಒಟ್ಟಿಗೆ ಅಳಿಸೋ ಉದ್ದ ಕಡ್ಡಿ ಆಕಾರಕ್ಕೆ ಕಾಯೋ ಧೈರ್ಯದವರು.

ದುರ್ಗದ ಗೇಮ್‌ಬಾಯ್:

ಕೊಳ್ಳೋನಿಗೆ ಆ ರಟ್ಟು ಕಸ. ನನಗೆ ಕೊಟ್ಟರೂ ದುಡ್ಡು ಕೊಡಲ್ಲ, ಖಂಡಿತ ಹೇಳ್ತೀನಿ. ಮೆಷಿನ್ ಎರಡು ಗೆರೆ ಇಲ್ಲದೆ, ಮುಚ್ಚಳ ಇಲ್ಲದೆ, ಕ್ಯಾಸೆಟ್ ಸೇರಿ ಇವತ್ತಿಗೆ ನಾಲ್ಕು, ನಾಲ್ಕೂವರೆ ಸಾವಿರ. ಗೆರೆ ಸರಿ ಮಾಡಿಸಿ ಮುಚ್ಚಳ ಹಾಕಿದರೆ ಆರರ ಹತ್ತಿರ. ಹೊಸದಾಗಿ ಮಾಡಿದ ಮುಚ್ಚಳ ಸಿಗುತ್ತೆ, ಬಣ್ಣ ಹೊಂದಲ್ಲ, ಬೇರೆ ಅಂತ ದೂರದಿಂದಲೇ ಗೊತ್ತಾಗುತ್ತೆ. ನನ್ನ ಹತ್ತಿರ ಸತ್ತ ಮೆಷಿನ್‌ದು ಒಂದು ಅಸಲಿ ಮುಚ್ಚಳ ಇದೆ. ಸ್ವಲ್ಪ ಹಳದಿ. 200 ಕೊಡು. ಶನಿವಾರ ದಾವಣಗೆರೆಗೆ ಬರ್ತಿದ್ದೇನೆ, ಗಡಿಯಾರ ಕಂಬದ ಹತ್ತಿರ ಸಿಗು.

ಬೆಣ್ಣೆದೋಸೆ ಅಕ್ಕ:

ಆ ‘ತಂಗಿ’ ಯಾರು? ನಿಮ್ಮಮ್ಮನಾ?

ವಿದ್ಯಾನಗರದ ಹುಡುಗ:

ಹೌದು ಅಕ್ಕ, ಅಮ್ಮನೇ. ತೋರಿಸಿದೆ. ಮಾವ ರಜೆಗೆ ಬಂದಾಗ ಜಗಲಿ ಮೇಲೆ ಕೂತು ಇಬ್ಬರೂ ಆಡ್ತಿದ್ದರಂತೆ. ಅಮ್ಮ ಇಂಥದ್ದೊಂದು ಆಡ್ತಿದ್ದರು ಅಂತ ನನಗೆ ಇವತ್ತಿನವರೆಗೂ ಗೊತ್ತೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಆ ರಟ್ಟನ್ನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ‘61 ಅಲ್ಲ, 71. ಅಣ್ಣ ಬೇಕಂತಲೇ ಕಡಿಮೆ ಬರೆದಿದ್ದಾನೆ’ ಅಂದರು. ಈಗ ಮೆಷಿನ್ ಅವರ ಹತ್ತಿರ ಇದೆ, ಕೇಳಿದರೆ ಕೊಡ್ತಿಲ್ಲ. ಮೊದಲ ದಿನ 9 ಗೆರೆ. ನಿನ್ನೆ 38.

ದುರ್ಗದ ಅಣ್ಣ, ಮುಚ್ಚಳ ತಗೊಳ್ತೀನಿ, ಆದರೆ ಶನಿವಾರ ಬೇಡ, ಸ್ವಲ್ಪ ದಿನ ತಡೀರಿ. 71 ದಾಟೋವರೆಗೂ ರಟ್ಟು ತೆಗೀಬಾರದಂತೆ.